ಗುರುವಾರ ಬೆಳಗಿನ ಕೋಲಾ

ಸಭೆಯ ಅಧ್ಯಕ್ಷರಾದ ಮೇಯರ್ ಹ್ಯಾನ್ರಹನ್ ಅವರೇ, ವೇದಿಕೆಯ ಮೇಲಿರುವ ಪಾದ್ರಿ ಲಿಂಡ್‌ಕ್ವಿಸ್ಟ್ ಅವರೇ, ಮುಂದಿನ ಸಾಲಿನಲ್ಲಿ ಕುಳಿತಿರುವ, ಇಂದು ನಾವು ಬೀಳ್ಕೊಡಬೇಕಾಗಿರುವ ನಮ್ಮ ಚಿಕಿತ್ಸಾಲಯದ ನರ್ಸ್ ಥೆಲ್ಮಾ ವಾಂಡರ್‌ಪ್ಲೂಗ್ ಅವರೇ, ಮತ್ತು ಈ ಅಗ್ನಿಶಾಮಕ ಠಾಣೆಯ ಗಾಡಿಗಳನ್ನು ಹೊರಗೆ ನಿಲ್ಲಿಸಿ ಅವುಗಳ ಜಾಗದಲ್ಲಿ ಕುಳಿತಿರುವ ಸಭಿಕರೇ,

ರೋಗಿಗಳ ಪರವಾಗಿ ಎರಡು ಮಾತು ಆಡು ಎಂದು ಮೇಯರ್ ಹೇಳಿದ್ದಾರೆ. ಎರಡೇ ಮಾತು ಎಂದು ಎಚ್ಚರಿಸಿಯೂ ಇದ್ದಾರೆ. ಅವರಿಗೆ ನನ್ನ ನಾಲಿಗೆಯ ಪರಿಚಯವಿದೆ.

ನಾನು ಆರ್ವಿಲ್ ಡ್ರೆಶರ್. ನದಿದಂಡೆಯ ಕಾರ್ಖಾನೆಯಲ್ಲಿ ಮೆಕ್ಕೆಜೋಳದಿಂದ ಸಿಹಿಪಾಕ ತೆಗೆಯುತ್ತಲೇ ತಲೆ ಬೆಳ್ಳಗಾದವನು. ಅಯೋವಾದ ಈ ನಮ್ಮ ಊರಿನಲ್ಲಿ ಮೆಕ್ಕೆಜೋಳದಿಂದ ಹೊಟ್ಟೆ ಹೊರೆಯದವರು ಯಾರಿದ್ದೀರಿ? ಕೋಲಾದ ಸಿಹಿಯೂ ಅದೇ ಜೋಳದ ಪಾಕ. ಹೋಟೆಲಿಗೆ ಹೋಗಿ, ಕೋಲಾ ಬೇಡ, ನೀರು ಕೊಡಿ ಎಂದರೆ ಪಕ್ಕದ ಮೇಜಿನ ರೈತ ಟೋಪಿ ಹಿಂದಕ್ಕೆ ಸರಿಸಿ ದುರುಗುಟ್ಟುತ್ತಿದ್ದ. "ಯಾಕಪ್ಪಾ, ನನ್ನ ಜೋಳಕ್ಕೆ ಹುಳ ಬಿದ್ದಿದೆಯಾ?" ಹಾಗಾಗಿ ಬಾಯಾರದಿದ್ದರೂ ಸ್ನೇಹಕ್ಕೆ ಕುಡಿದೆವು. ದೊಡ್ಡ ಲೋಟದಲ್ಲೇ ಕುಡಿದೆವು.

ಕುಡಿದ ನನಗೆ ಸಕ್ಕರೆ ಕಾಯಿಲೆ ಬಂದಿತು, ಲಿವರಿಗೆ ಕೊಬ್ಬು ಹತ್ತಿತು. ಆಗಷ್ಟೇ ನನ್ನ ಹೆಂಡತಿ ಐರೀನ್ ತೀರಿಕೊಂಡಿದ್ದಳು. ಗುರುವಾರ ಗುರುವಾರ ಥೆಲ್ಮಾ ಮನೆಗೇ ಬಂದು ಬೆರಳು ಚುಚ್ಚಿ ನೋಡುವ ಏರ್ಪಾಡಾಯಿತು. ಈ ಊರಿನಲ್ಲಿ ಅವರು ಹಿಡಿಯದ ಬೆರಳಿಲ್ಲ. ಕೈ ಮಾತ್ರ ಯಾರದೂ ಹಿಡಿಯಲಿಲ್ಲ. ಯಾಕೆಂದು ನಾನು ಕೇಳಿಲ್ಲ. ಇರಲಿ, ಅದು ಇಲ್ಲಿ ಬೇಡ.

ಮೊದಲ ದಿನವೇ ನನ್ನ ಕಪಾಟು ತೆರೆದರು. ಬ್ರೆಡ್ಡು, ಟೊಮೆಟೊ ಸಾಸು, ಬೇಯಿಸಿದ ಕಾಳಿನ ಡಬ್ಬಿ, ಒಂದೊಂದನ್ನೂ ತಿರುಗಿಸಿ ಹಿಂಬದಿ ಓದಿದರು.

"ಇದರಲ್ಲೂ ನಿಮ್ಮ ಪಾಕ. ಇದರಲ್ಲೂ. ಒಂದು ಡಬ್ಬೀನೂ ಬಿಟ್ಟಿಲ್ವಲ್ಲ ಆರ್ವಿಲ್ ನೀವು" ಎಂದರು.

ನನಗೆ ನಾಚಿಕೆಯಾಗಬೇಕಿತ್ತು. ಹೆಮ್ಮೆಯಾಯಿತು.

ಲಿವರಿಗೆ ಕೊಬ್ಬು ಹತ್ತಿಸುವುದು ಪಾಕದಲ್ಲಿರುವ ಫ್ರಕ್ಟೋಸ್ ಎಂಬ ಸಕ್ಕರೆ, ಅದನ್ನು ಕಡಿಮೆ ಮಾಡಿ ಎಂದರು. ಬೇರೆಯವರಾಗಿದ್ದರೆ ಕೋಲಾ ಬಿಟ್ಟು ಸುಮ್ಮನಾಗುತ್ತಿದ್ದರು. ನಾನು ಪಾಕದ ಪಂಡಿತನಲ್ಲವೇ? ಕೋಲಾಕ್ಕೆ ಹೋಗುವುದು ಐವತ್ತೈದರ ಪಾಕ. ಅದರ ಸಕ್ಕರೆಯ ನೂರು ಪಾಲಿನಲ್ಲಿ ಐವತ್ತೈದು ಫ್ರಕ್ಟೋಸ್. ಬೇಕರಿಗೆ ಹೋಗುವುದು ನಲವತ್ತೆರಡರದು. ಹಳೆಯ ಗೆಳೆಯನಿಂದ ನಲವತ್ತೆರಡರ ಪಾಕ ಒಂದು ಜಾಡಿ ತರಿಸಿ, ಕಾಫಿಗೂ ನಿಂಬೆ ಪಾನಕಕ್ಕೂ ಅದನ್ನೇ ಸುರಿದುಕೊಂಡೆ. ಅದರ ಸಿಹಿ ಸ್ವಲ್ಪ ಮಂದ. ಆದ್ದರಿಂದ ಇನ್ನೊಂದು ಚಮಚ, ಮತ್ತೊಂದು ಚಮಚ. ರಕ್ತದ ಸಕ್ಕರೆ ಸರ್ರನೆ ಏರಿತು. ಥೆಲ್ಮಾ ಜಾಡಿ ಕಂಡರು. ನಾನು ನನ್ನ ಲೆಕ್ಕ ಒಪ್ಪಿಸಿದೆ.

"ಉಳಿದ ಐವತ್ತೆಂಟು ಏನ್ರೀ, ಗಾಳಿನಾ? ಅದೂ ಸಕ್ಕರೆನೇ. ನೇರ ರಕ್ತಕ್ಕೆ ನುಗ್ಗೋದೇ ಅದು. ಇನ್ನು ಜೇನುತುಪ್ಪ ಹಿಡ್ಕೊಂಡು ಕೂತೀರಿ, ಅದೂ ಇದರ ದಾಯಾದಿನೇ."

"ಹಾಗಾದ್ರೆ ಏನು ಕುಡೀಲಿ?"

"ನೀರು ಅಂತ ಒಂದಿದೆ. ಕೇಳಿರಬೇಕಲ್ಲ?"

ನಮ್ಮ ಕಾರ್ಖಾನೆಯ ಮ್ಯಾನೇಜರ್ ಸಾಹೇಬರು ಅಲ್ಲಿ ಕುಳಿತು ಮುಖ ಗಂಟಿಕ್ಕಬಾರದು. ನಾನು ಉಂಡ ಮನೆಗೆ ಎರಡು ಬಗೆಯುವವನಲ್ಲ. ಬಿಳಿ ಸಕ್ಕರೆಯೇನು ಸಾಚಾವೇ? ಯಾವುದೇ ಸಿಹಿಯಾಗಲಿ, ನಾವು ಅದನ್ನು ಬಕೆಟ್ಟುಗಟ್ಟಲೆ ಕುಡಿದೆವು, ಅಷ್ಟೇ.

ಅಂತೂ ನಾನು ನೀರಿಗೆ ಬಂದೆ. ಕಹಿ ಕಾಫಿಗೂ ಬಂದೆ. ಥೆಲ್ಮಾ ಬೆರಳು ಚುಚ್ಚಿದ ಮೇಲೆ ಜಗಲಿಯಲ್ಲಿ ಕುಳಿತು ಒಂದು ಲೋಟ ಕಾಫಿ ಕುಡಿದು ಹೋಗುವುದು ರೂಢಿಯಾಯಿತು. ಹೋದ ವಸಂತದಲ್ಲಿ ಸಕ್ಕರೆ ಹತೋಟಿಗೆ ಬಂದಿತು. "ಮುಂದಿನ ವಾರವೂ ಹೀಗೇ ಇದ್ರೆ ನಾನು ಬರೋ ಅಗತ್ಯ ಇಲ್ಲ" ಎಂದರು. ಮುಂದಿನ ವಾರ ಮತ್ತೆ ಏರಿತು. ಅದರ ಮುಂದಿನ ವಾರವೂ ಏರಿತು. ಡಾಕ್ಟರು ತಲೆ ಕೆರೆದುಕೊಂಡರು. ಅದರಲ್ಲಿ ಕೆರೆದುಕೊಳ್ಳುವಂಥದ್ದೇನಿದೆ? ಗುರುವಾರ ಬೆಳಿಗ್ಗೆ ಥೆಲ್ಮಾ ಕಾರು ಬರುವ ಮುಂಚೆ ಗ್ಯಾರೇಜಿನಲ್ಲಿ ನಿಂತು ಒಂದು ಬಾಟಲಿ ಕೋಲಾ ಇಳಿಸಿದರೆ ಯಾರ ಸಕ್ಕರೆ ತಾನೇ...

ಅಯ್ಯೋ. ಇದನ್ನು ಹೇಳಬೇಕೆಂದಿರಲಿಲ್ಲ.

ನಗಿ, ನಗಿ. ಪಾದ್ರಿಗಳೇ, ನೀವೂ ನಕ್ಕುಬಿಡಿ. ಥೆಲ್ಮಾ, ಹಾಗೆ ನೋಡಬೇಡಿ. ಬಾಯಿ ತಪ್ಪಿ ಅರ್ಧ ಬಂದಿದೆ, ಪೂರ್ತಿ ಹೇಳಿಬಿಡುತ್ತೇನೆ. ಆ ಕೋಲಾ ನನಗೆ ರುಚಿಸುತ್ತಲೂ ಇರಲಿಲ್ಲ. ನೀವು ಬಂದು, ಬೈದು, ಕಾಫಿ ಕುಡಿದು, ಟೊಮೆಟೊ ಗಿಡಕ್ಕೆ ನಾನು ನೀರು ಹಾಕುವ ರೀತಿಯೇ ಸರಿಯಿಲ್ಲವೆಂದು ಹೇಳಿ ಹೋಗುತ್ತಿದ್ದಿರಿ. ಆಮೇಲೆ ಮುಂದಿನ ಗುರುವಾರದವರೆಗೆ ಮನೆ ಬಿಕೋ ಎನ್ನುತ್ತಿತ್ತು.

ಶನಿವಾರ ನೀವು ಅರಿಜೋನಾಕ್ಕೆ, ತಂಗಿಯ ಊರಿಗೆ ಹೊರಟಿದ್ದೀರಿ. ಅಲ್ಲಿ ಹಿಮ ಬೀಳುವುದಿಲ್ಲವಂತೆ, ವರ್ಷವಿಡೀ ಬಿಸಿಲಂತೆ. ನಿಮಗೆ ಶುಭ ಹಾರೈಸಲೆಂದು ನನ್ನನ್ನು ಇಲ್ಲಿ ನಿಲ್ಲಿಸಿದ್ದಾರೆ. ನನ್ನಿಂದ ಆಗುತ್ತಿಲ್ಲ. ಹೋಗಬೇಡಿ ಥೆಲ್ಮಾ. ನನ್ನ ಸಕ್ಕರೆ ಸರಿಯಿದೆ, ಬೇಕಾದರೆ ಈಗಲೇ ಚುಚ್ಚಿ ನೋಡಿ. ನರ್ಸ್ ಬೇಕೆಂದು ಕೇಳುತ್ತಿಲ್ಲ. ನೀವು ಬೇಕು.

ಮೇಯರ್ ಗಡಿಯಾರ ತೋರಿಸುತ್ತಿದ್ದಾರೆ. ಒಂದು ನಿಮಿಷ ತಾಳಿ. ಥೆಲ್ಮಾ ತಮ್ಮ ಪಕ್ಕದ ಕುರ್ಚಿಯ ಮೇಲಿದ್ದ ಹೂಗುಚ್ಛವನ್ನು ಎತ್ತಿ ಮಡಿಲಲ್ಲಿಟ್ಟುಕೊಂಡರು. ಈಗ ಆ ಖಾಲಿ ಕುರ್ಚಿಯನ್ನು ಕೈಯಿಂದ ತಟ್ಟುತ್ತಿದ್ದಾರೆ.

ಇಷ್ಟು ಹೊತ್ತು ಸಹಿಸಿಕೊಂಡ ನಿಮಗೆಲ್ಲ ವಂದನೆಗಳು. ನಾನು ಹೋಗಿ ಕೂರಬೇಕು. ನಮಸ್ಕಾರ.