ಬಲಗಾಲು ಎತ್ತುವ ಹಾಗಿಲ್ಲ

ಹಲೋ... ಹಲೋ, ಯಾರು ಮಾತಾಡ್ತಿರೋದು? ಇದು ನಮ್ಮಕ್ಕನ ನಂಬರಲ್ವಾ?... ಓ, ಪಕ್ಕದ ಮಂಚದವರಾ. ನಾನು ಅವಳ ದೊಡ್ಡ ತಮ್ಮ. ನಿನ್ನೆ ಹಣ್ಣು ತಂದು, ನರ್ಸಿಗೂ ಬುದ್ಧಿ ಹೇಳಿ ಹೋದನಲ್ಲ, ಅವನು ಚಿಕ್ಕವನು... ಹಾಂ, ನಾನು ಅಕ್ಕನ ಜೊತೆ ವ್ಯಾನಿನಲ್ಲಿ ವಾಸ ಮಾಡೋವನೇ. ತಲೆ ಬಾಚ್ಕೊಳ್ತಿದ್ದಾಳಾ? ಬಾಚ್ಕೊಳ್ಲಿ, ಫೋನು ಕಿವಿಗೆ ಹಿಡೀರಿ ಸಾಕು...

ಅಕ್ಕ, ನಾನು... ಹೂಂ, ಗಾಡಿ ಸ್ಟಾರ್ಟ್ ಆಗಿದೆ, ಆ ಸದ್ದು ಅದೇ... ಇಲ್ಲ, ಇನ್ನೂ ಹೊರಟಿಲ್ಲ. ಹೊರಡೋಕೆ ಆಗ್ತಿಲ್ಲ. ಆಕ್ಸಿಲರೇಟರ್ ಮೇಲಿಂದ ಕಾಲು ಎತ್ತಿದ್ರೆ ಎಂಜಿನ್ ಸಾಯತ್ತೆ...

ಇಪ್ಪತ್ತು ನಿಮಿಷ ಆಯ್ತು ಹೀಗೇ ಕೂತು. ಎದುರಿಗೆ ಗಾಡಿ ನಿಲ್ಲಿಸಿದ ಗೋದಾಮಿನ ಗೇಟು, ಗೇಟಿಗೆ ನಿನ್ನೆ ಸಂಜೆ ನಾನೇ ಹಾಕಿದ ಸರಪಳಿ. ಬೀಗದಕೈ ಜೇಬಲ್ಲೇ ಇದೆ. ನಾಲ್ಕು ಹೆಜ್ಜೆ. ಇಳಿಯೋ ಹಾಗಿಲ್ಲ... ಯಾರನ್ನ ಕರೀಲಿ? ವಾಚ್‌ಮನ್ ಬರೋದು ಒಂಬತ್ತೂವರೆಗೆ...

ನಿಲ್ಲಿಸಿ ಮತ್ತೆ ಸ್ಟಾರ್ಟ್ ಮಾಡೋದಾ? ಬ್ಯಾಟರಿಯಲ್ಲಿ ಉಸಿರಿಲ್ಲ ಅಕ್ಕ. ಕಡೇ ಸಲ ಕೀ ತಿರುಗಿಸಿದಾಗ ನರಳಿ ನರಳಿ, ಏನೋ ಕರುಣೆಯಿಂದ ಹತ್ತಿಕೊಂಡಿತು. ಇನ್ನೊಂದು ಸಲ ಬೇಡೋಕೆ ನನಗೆ ಮುಖ ಇಲ್ಲ...

ಆರು ಸಲ ಕೀ ತಿರುಗಿಸಿದೆ. ಐದು ಸಲ ಎಂಜಿನ್ನಿಗೆ ಪೆಟ್ರೋಲ್ ಜಾಸ್ತಿ ನುಗ್ಗಿ ಕಟ್ಟಿಕೊಂಡಿತು... ನೀನು ಮಾಡೋ ಹಾಗೇ ಮಾಡಿದ್ನಲ್ಲ. ಚೋಕ್ ಪೂರ್ತಿ ಎಳೆದು, ಹೊತ್ತು ಅಳೆಯೋಕೆ ಅಪ್ಪನ ಆರು ಸಾಲಿನ ಪದ್ಯ ಎರಡು. ಮೂರನೇ ಪದ್ಯಕ್ಕೆ ಚೋಕ್ ಅರ್ಧ ಒಳಗೆ, ನಾಲ್ಕನೇದು ಮುಗಿಯೋ ಹೊತ್ತಿಗೆ ಪೂರ್ತಿ ಒಳಗೆ. ಇಷ್ಟು ವರ್ಷ ಪಕ್ಕದ ಸೀಟಲ್ಲಿ ಕೂತು ಕೇಳಿದವನು ಮರೀತೀನಾ?...

ಹೇಗೆ ಹೇಳಿದೆ ಅಂದ್ರೆ? ರಾಗವಾಗಿ. ಅಪ್ಪ ಸಂಜೆ ದೇವರ ಮುಂದೆ ಕೂತು ಹೇಳ್ತಿದ್ರಲ್ಲ, ಹಾಗೆ... ನಗಬೇಡ, ಸೊಂಟ ಅಲುಗಾಡಿಸಬಾರದು ಅಂದಿದ್ದಾರೆ ಡಾಕ್ಟರು... ಸರಿ, ಗೊತ್ತಾಯ್ತು. ನೀನು ಬಸ್ಸಿಗೆ ಹೊತ್ತಾದವರ ಹಾಗೆ ಹೇಳಿ ಮುಗಿಸ್ತೀಯ, ನಾನು ಒಂದೊಂದು ಪದಕ್ಕೂ ಕೈಮುಗಿದು ನಿಂತೆ. ನಿನ್ನ ನಾಲ್ಕು ಪದ್ಯದ ಹೊತ್ತಲ್ಲಿ ನನ್ನದು ಒಂದೂವರೆ ಆಗತ್ತೇನೋ. ಅಷ್ಟು ಹೊತ್ತು ಚೋಕ್ ಎಳೆದು ಗಾಳಿ ತಡೆದ್ರೆ ಯಾರಿಗೆ ತಾನೇ ಉಸಿರು ಕಟ್ಟಲ್ಲ...

ಆರನೇ ಸಲವಾ? ಆರನೇ ಸಲ ಪದ್ಯ ಮರೆತೇಹೋಯ್ತು. ಅಳು ಬಂದಿತ್ತು...

ಈಗ ಏಳೂ ನಲವತ್ತು. ಅಲ್ಲಿಗೆ ಬರೋಕೆ ಈ ಗಾಡಿಗೆ ಒಂದು ಗಂಟೆ ಬೇಕು. ನೀನು ಯಾಕಕ್ಕ ಚಿಕ್ಕವನ ಮುಂದೆ ಹಾಗೆ ಮಾತು ಕೊಟ್ಟೆ? ಡಿಸ್ಚಾರ್ಜ್ ದಿನ ಒಂಬತ್ತಕ್ಕೆ ಗಾಡಿ ಆಸ್ಪತ್ರೆ ಬಾಗಿಲಿಗೆ ಬಂದ್ರೆ ಅದರಲ್ಲಿ, ಇಲ್ಲಾಂದ್ರೆ ಅವನ ಕಾರಲ್ಲಿ ಅವನ ಮನೆಗೆ ಅಂತ... ಕೆಟ್ಟವನಲ್ಲ, ನಾನೆಲ್ಲಿ ಕೆಟ್ಟವನು ಅಂದೆ? ನಿನ್ನ ರೂಮಿಗೆ ಹೊಸ ಪರದೆ ಹಾಕಿಸಿದ್ದಾನೆ. ನೀನು ಆರನೇ ಮಹಡಿಯ ಪರದೆ ಹಿಂದೆ, ನಾನು ಹಾಲಿನ ಸೋಫಾದಲ್ಲಿ, ಗಾಡಿ ಗುಜರಿಗೆ. ಹಾರ್ಮೋನಿಯಂ ರಿಪೇರಿ ಸಾಮಾನೆಲ್ಲ ಮಂಚದ ಕೆಳಗೆ ತಳ್ಳಿದ್ರಾಯ್ತಂತೆ. ಊರೂರು ಸುತ್ತಿ ನಾವು ಮಾಡಿದ್ದು ಮಂಚದ ಕೆಳಗೆ ಹಿಡಿಸತ್ತೆ ಅಂತ ನನಗೆ ಗೊತ್ತೇ ಇರಲಿಲ್ಲ...

ಹಾಗನ್ನಬೇಡ. ಬಿಡು, ಅವನ ಜೊತೆಗೇ ಹೋಗ್ತೀನಿ ಅಂತ ಇಷ್ಟು ಸುಲಭವಾಗಿ ಹೇಳಬೇಡ... ಅಕ್ಕ... ಒಂದು ನಿಮಿಷ, ಮಾತಾಡಬೇಡ. ಏನೋ ಕೇಳಿಸ್ತಿದೆ...

ಎರಡು ಸೀಟಿನ ನಡುವಿನ ಮುಚ್ಚಳ ಎತ್ತುತ್ತಾ ಇದ್ದೀನಿ. ಎಂಜಿನ್ ಇಲ್ಲೇ ಮೊಣಕಾಲ ಪಕ್ಕ ಅಲ್ವಾ, ಕಾಲು ಕದಲಿಸಬೇಕಾಗಿಲ್ಲ... ಇದೆ. ಸ್ಸ್ ಅಂತ ಸಣ್ಣಗೆ. ಗಾಳಿ ಒತ್ತೋ ತಿದಿಯ ಚರ್ಮ ಹರಿದ ಹಾರ್ಮೋನಿಯಂ ಇದೇ ಥರ ಅಲ್ವಾ? ಎಷ್ಟು ಒತ್ತಿದ್ರೂ ಸ್ವರ ನಿಲ್ಲಲ್ಲ, ಗಾಳಿ ಬೇರೆ ದಾರಿ ಹಿಡಿದಿರತ್ತೆ. ಇಲ್ಲಿ ಒಳಗೆ ನುಗ್ಗುತ್ತಿದೆ, ಅಷ್ಟೇ ವ್ಯತ್ಯಾಸ... ರಬ್ಬರ್ ಕೊಳವೆ ಬಿರುಕು ಬಿಟ್ಟಿದೆ, ಕಾರ್ಬ್ಯುರೇಟರಿಗೆ ಸೇರೋ ಜಾಗದಲ್ಲಿ. ಹೆಬ್ಬೆರಳು ಇಡ್ತೀನಿ...

ಕೇಳಿದ್ಯಾ? ಸದ್ದು ಬದಲಾಯ್ತಲ್ಲ. ಕಾಲು ಎತ್ತಲಾ?... ಹೆದರಿಕೆ ಆಗತ್ತೆ... ಎತ್ತಿದೆ... ನಿಂತಿಲ್ಲ ಅಕ್ಕ. ತಾನಾಗೇ ಓಡ್ತಿದೆ...

ಏನು ಸಂತೋಷ, ಕಾಲಿಗೆ ಬಿಡುಗಡೆ ಆಯ್ತು, ಈಗ ಹೆಬ್ಬೆರಳು ಸೆರೆ. ಮುಂಚೆ ಕೂತಾದ್ರೂ ಇದ್ದೆ, ಈಗ ಬಗ್ಗಿದ್ದೀನಿ...

ಅಲ್ಲ, ಈ ಬಿರುಕು ನಿನ್ನೆ ಮೊನ್ನೆಯದಲ್ಲ. ಅಂಚೆಲ್ಲ ಗಟ್ಟಿಯಾಗಿ ಹೊಳೀತಿದೆ. ಸಿಗ್ನಲ್‌ನಲ್ಲಿ ನಿಂತಾಗಲೂ ನೀನು ಬಲಗಾಲು ಎತ್ತಿದ್ದು ನಾನು ನೋಡಿಲ್ಲ. ಗೇರು ತೆಗೆದು ಬ್ರೇಕನ್ನೂ ಎಡಗಾಲಲ್ಲೇ ತುಳೀತಿದ್ದೆ. ಅಭ್ಯಾಸ ಅಂದ್ಕೊಂಡಿದ್ದೆ... ಹಾಗಾದ್ರೆ ನಿನಗೆ ಗೊತ್ತಿತ್ತಾ?... ಎಷ್ಟು ವರ್ಷದಿಂದ?... ಏಳಾ?...

ಹೇಳಬಾರದಿತ್ತಾ... ಗ್ಯಾರೇಜಿಗೆ ಬಿಟ್ರೆ ನಾಲ್ಕು ದಿನ ನಾವು ಅವನ ಮನೆಗೆ ಹೋಗಬೇಕಾಗತ್ತೆ, ಹೋದ್ರೆ ಅವನು ಕಳಿಸಲ್ಲ ಅಂತಲಾ? ಅದಕ್ಕೆ ಏಳು ವರ್ಷ ಕಾಲು ಒತ್ತಿ ಹಿಡಿದ್ಯಾ? ಆ ಸೊಂಟ ಮೆಟ್ಟಿಲಿಂದ ಬಿದ್ದ ದಿನ ಹೋಗಿದ್ದಲ್ಲ ಅಕ್ಕ, ಇಲ್ಲೇ ಈ ಸೀಟಲ್ಲೇ ಹೋಗಿದ್ದು. ನಾನು ಪಕ್ಕದಲ್ಲಿ ಕೂತು ಪದ್ಯ ಚೆನ್ನಾಗಿದೆ ಅಂತ ತಲೆದೂಗ್ತಿದ್ದೆ... ಇಲ್ಲ, ಅಳ್ತಿಲ್ಲ, ಪೆಟ್ರೋಲ್ ವಾಸನೆ...

ಚರ್ಮವಾ? ಅಂಗಿ ಜೇಬಲ್ಲಿ ತಿದಿಗೆ ಹಚ್ಚೋಕೆ ಕೊಯ್ದಿಟ್ಟ ಪಟ್ಟಿ ಒಂದಿದೆ. ದಾರ ಇದೆ. ಫೋನ್ ಸ್ಪೀಕರಿಗೆ ಹಾಕಿ ಸೀಟಿನ ಮೇಲಿಡ್ತೀನಿ. ಒಂದು ಕೈಯಲ್ಲಿ ಸುತ್ತಬೇಕು, ದಾರದ ತುದಿ ಹಲ್ಲಲ್ಲಿ ಹಿಡೀತೀನಿ, ಮಾತಾಡೋಕೆ ಆಗಲ್ಲ. ನೀನು ಹೇಳ್ತಾ ಇರು... ಏನು ಹೇಳಲಿ ಅಂದ್ರೆ? ಪದ್ಯ ಹೇಳು. ವಾರ್ಡಿನವರು ಏನಂದ್ಕೊಂಡ್ರೇನು, ಮೆಲ್ಲಗೆ. ಓಡಿಸಬೇಡ, ಚೋಕ್ ಆಗಲೇ ಒಳಗಿದೆ. ಇವತ್ತು ಅಪ್ಪನ ಹಾಗೆ ಹೇಳು...

ಹೂಂ...

ಹೂಂ...

ಹೂಂ... ಹೂಂ...

ಕಟ್ಟಿದೆ. ಬೆರಳು ತೆಗೆದೆ... ಕಾಲೂ ಇಲ್ಲ, ಕೈಯೂ ಇಲ್ಲ. ಕೇಳು, ಮೆತ್ತಗೆ ಓಡ್ತಿದೆ, ನಿದ್ದೆಯಲ್ಲಿರೋ ಬೆಕ್ಕಿನ ಹಾಗೆ... ಯಾಕೆ ನಿಲ್ಲಿಸಿದೆ? ನಾಲ್ಕನೇದರಲ್ಲಿ ಇನ್ನೆರಡು ಸಾಲು ಇದೆಯಲ್ಲ... ಯಾರು ಬಂದ್ರು?... ಚಿಕ್ಕವನಾ, ಇಷ್ಟು ಬೇಗನಾ?... ಅಕ್ಕ, ಫೋನ್ ಅವನಿಗೆ ಕೊಡಬೇಡ...

ಹಲೋ... ನೀನಾ. ಹೇಳು ಮರಿ... ಹೂಂ... ಡಾಕ್ಟರು ಬೇಗ ಸಹಿ ಹಾಕಿದ್ರಾ, ಒಳ್ಳೇದಾಯ್ತು... ಇಲ್ಲ, ಕಾಯಬೇಕು. ಮಾತು ಒಂಬತ್ತಕ್ಕೆ. ಈಗ ಎಂಟಾಗೋಕೆ ಐದು ನಿಮಿಷ...

ಬರಲ್ಲ ಅಂತ ನೀನು ಹೇಳಬೇಡ. ಕೇಳು, ಎಂಜಿನ್ ಹತ್ತಿರ ಫೋನ್ ಹಿಡೀತೀನಿ... ಕೇಳಿಸ್ತಾ?... ಅದರ ಮೇಲೆ ಯಾರ ಕಾಲೂ ಇಲ್ಲ. ಈಗ ನಾನು ಇಳಿದು ಗೇಟಿನ ಹತ್ತಿರ ನಿಂತು ಬೀಗ ತೆಗೀತಾ ಮಾತಾಡ್ತಿದ್ದೀನಿ...

ಅವಳು ಗಾಡಿ ಹತ್ತಬಹುದು. ಬಾಗಿಲಿಗೆ ಹಿಡಿ ಜೋಡಿಸಿದ್ದೀನಿ, ಮೆಟ್ಟಿಲಿಗೆ ದೊಡ್ಡ ಪೆಟ್ಟಿಗೆ ಇಟ್ಟಿದ್ದೀನಿ. ಇನ್ನು ಮೇಲೆ ಓಡಿಸೋದು ನಾನು, ಅವಳು ಪಕ್ಕದ ಸೀಟಲ್ಲಿ ಕಾಲು ಚಾಚಿ ಕೂರ್ತಾಳೆ... ಜಗಳ ಆಮೇಲೆ ಆಡೋಣ, ಆಸ್ಪತ್ರೆ ಬಾಗಿಲಲ್ಲೇ ನಿಂತು ಆಡೋಣ. ಈಗ ಒಂದು ಕೆಲಸ ಮಾಡು, ಅಕ್ಕನಿಗೆ ಶೂ ಹಾಕು. ಎಡಗಾಲಿಗೆ ಮೊದಲು. ಬಲಗಾಲು ನೀನೇ ಕೈಯಲ್ಲಿ ಎತ್ತಿ ಹಿಡ್ಕೋ, ಅವಳಿಗೆ ಅದನ್ನ ಎತ್ತಿ ಅಭ್ಯಾಸ ಇಲ್ಲ. ಮೆಲ್ಲಗೆ, ಕೆಳಗಿಂದ ಕೈ ಕೊಟ್ಟು...

ಹಲೋ?... ಫೋನ್ ಪಕ್ಕಕ್ಕಿಟ್ಯಾ?... ಕಾಲು ಹಿಡಿದ್ಯಾ?... ಹಲೋ...