ಹೆಸರಿಗಷ್ಟೇ ಮನ್ಮಥಪ್ಪ

ನಾ ಯಾಕ ಒಳಗ ಬರ್ಲಿರಿ? ಡಾಕ್ಟರಬಾಯಿ ಕರದ್ರ ಕರೀಲಿ! ಬ್ಯಾನಿ ನಿಮ್ಮದು, ಚೀಟಿ ನಿಮ್ಮ ಹೆಸರಿಲೆ, ಅರ್ಧಾ ತಾಸು ಒಳಗ ಕೂತು ಬಂದವರು ನೀವು. ಈಗ ಹೊರಗ ಬಂದು "ಮಂಜುಶ್ರೀ, ನಿನ್ನೂ ಕರೀಲತ್ತಾಳ" ಅಂದ್ರ? ಗಂಡನ ಬ್ಯಾನಿಗೆ ಹೆಂಡತಿಗೆ ಗುಳಗಿ ಕೊಡ್ತಾಳೇನು?

ಕೂಡ್ರಿ. ಕೂಡ್ರಿ ಅಂದೆ. ಬಾಗಲದಾಗ ನಿಂತು ಎಲ್ಲಾರೂ ನೋಡೂ ಹಂಗ ಮಾಡಬ್ಯಾಡ್ರಿ. ಹೊರಗ ಬೋರ್ಡ್ ಓದೀರೇನು? ಮಾನಸೋಪಚಾರ! ಹುಚ್ಚರ ದವಾಖಾನಿ ಅಂತ ಗೊತ್ತಿದ್ರ ನಾ ಬಸ್ಸೇ ಹತ್ತತಿದ್ದಿಲ್ಲ. ನಾಶಿಕದಾಗ ಡಾಕ್ಟರ ಇದ್ದಿದ್ದಿಲ್ಲೇನು? ಇದ್ರು. ಆದ್ರ ಓಝರ್ ಕಾಲೋನಿ ಮಂದಿ ನೋಡಬಾರದು! ಅದಕ್ಕ ಸಂಭಾಜಿನಗರ... ಮುಂಜಾನಿಂದ ಬಸ್ಸಿನ್ಯಾಗ ಕುಲುಕಿಸಿ ಕರಕೊಂಡು ಬಂದ್ರಿ.

ಏನಂದಳು? ... ಅಂಜಿಕಿ? ಬರೇ ಅಂಜಿಕಿ? ಮೈಯಾಗ ಏನೂ ದೋಷ ಇಲ್ಲಂತ, ರಕ್ತ ಛಲೋ ಅದಂತ, ಸಕ್ಕರಿ ಇಲ್ಲಂತ... ಆಗ್ತದೋ ಇಲ್ಲೋ, ಆಗ್ತದೋ ಇಲ್ಲೋ ಅಂತ ತಲ್ಯಾಗ ಇಟಗೊಂಡ್ರ ಆಗೂದೂ ಆಗಲ್ಲಂತ. ಭಾಳ ಶಾಣ್ಯಾಕಿ! ಎರಡು ತಿಂಗಳು ಆ ವಿಚಾರನೇ ಬಿಡ್ರಿ, ಬಾಜೂಕ ಕೂಡ್ರಿ, ಕೈ ಹಿಡಕೊಳ್ರಿ, ಮಾತಾಡ್ರಿ... ಇದೇ ಔಷಧಾ? ಅಯ್ಯ! ಎರಡು ವರ್ಷ ನಾವು ಮತ್ತೇನು ಮಾಡೀವಿ?

ಯಾಕ ನಗಲತ್ತೀರಿ? ... ನಗೂ ಮಾತಲ್ಲ ಇದು. ನಿಮ್ಮವ್ವ ಈರಮ್ಮ ಭಾಲ್ಕಿಯಿಂದ ಐತವಾರಕ್ಕೊಮ್ಮೆ ಫೋನ್ ಮಾಡಿ "ಏನರೆ ಅದನೋ?" ಅಂತ ಕೇಳ್ತಾಳಲ್ಲ, ಆಕಿಗೆ ಹೇಳ್ರಿ ಈ ಔಷಧ. ಬದಾಮ ತಿನಸು ಅಂತಾಳ, ಉದ್ದಿನ ಉಂಡಿ ಕಳಸ್ತಾಳ. ನೀವರೆ ಏನು ಕಮ್ಮಿ? ರಸ್ತಾದಾಗ ಔಷಧದ ಡೇರೆ ಹಾಕಿದಾವನ ಹತ್ರ ಕರ್ರಗಿನ ಪುಡಿ ತಂದ್ರಿ, ಜೇನುತುಪ್ಪದಾಗ ಕಲಸಿ ನೆಕ್ಕಿದ್ರಿ, ಹೊಟ್ಟಿ ಕೆಟ್ಟು ಮೂರು ದಿನ ಡ್ಯೂಟಿಗೆ ಹೋಗಲಿಲ್ಲ. ವಿಮಾನದ ಫ್ಯಾಕ್ಟರಿಯಾಗ ಟೆಕ್ನಿಷಿಯನ್! ಕೂದಲೆಳಿಯಷ್ಟು ತಪ್ಪು ಹಿಡೀತೀರಿ, ಆ ಪುಡಿಯಾಗ ಏನದ ಅಂತ ಮಾತ್ರ ಕೇಳಲಿಲ್ಲ.

ಹೌದು... ಬೈಲತ್ತೀನಿ. ಬೈಬಾರದೇನು?

ಏನು? ... ಶರ್ವಾಣಿ ಹೆಸರು ಈಗ್ಯಾಕ? ಹೌದ್ರಿ, ಕಾಲೋನಿ ತುಂಬ ಸಾರಿದಾಕಿ ಆಕಿನೇ. ಬಾಜೂ ಮನ್ಯಾಗ ಇದ್ದು ಗ್ವಾಡಿಗೆ ಕಿವಿ ಹಚ್ಚಿ ಕೇಳ್ಯಾಳ ಅಂತ ನಾ ಆವಾಗೇ ಹೇಳೀನಲ್ಲ. ಅದಕ್ಕೇ ನಿಮ್ಮ ಫ್ಯಾಕ್ಟರಿ ಶಾಪಿನ ಹುಡುಗರು "ನಾವಾಪುರತಾ ಆಲಾ, ನಾವಾಪುರತಾ ಆಲಾ" ಅಂತ ಚಾಷ್ಟಿ ಮಾಡಿದ್ದು. ಹೆಸರಿಗಷ್ಟೇ ಇದ್ದಾವ ಬಂದ ಅಂತ... ಯಾಕ ಹಂಗ ನೋಡಲತ್ತೀರಿ? ಗ್ವಾಡಿಯಿಂದ ಆ ಮಾತು ಹ್ಯಾಂಗ ಬಂತು ಅಂತೀರಾ?

ಫೋನ್ ಯಾಕ ತೆಗೀಲತ್ತೀರಿ? ... ಏನಿದು? ... ಹಳದಿಕುಂಕು. ಸಂಕ್ರಮಣಕ್ಕ ಹೆಂಗಸರು ಕೂಡಿದ ಹಳದಿಕುಂಕು... ಈ ವಿಡಿಯೋ ಯಾರು ಕಳಿಸಿದ್ರು ನಿಮಗ? ... ಮರುದಿನಾನೇ? ಅಂದ್ರ ಇದನ್ನ ಕಿಸೇದಾಗ ಇಟಗೊಂಡು ಎಂಟು ತಿಂಗಳು... ಬಂದ್ ಮಾಡ್ರಿ. ಬಂದ್ ಮಾಡ್ರಿ ಅಂದೆ! ಮಂದಿ ಕೂತಾರ.

ಆಯ್ತು. ನಾನೇ ಅಂದೆ. ಎಲ್ಲಾರೂ ಮರಾಠ್ಯಾಗ ಒಡಪು ಹಾಕಿ ಗಂಡನ ಹೆಸರು ಹೇಳಲತ್ತಿದ್ರು. "ತೂ ಪಣ ನಾವ್ ಘೇ" ಅಂತ ನನಗೂ ಬೆನ್ನು ಬಿದ್ರು. ನಾ ಕನ್ನಡದಾಗ ಹಾಕಿದೆ. "ಹೋಳಿಗಿ ಮ್ಯಾಲ ಇಲ್ಲ ತುಪ್ಪ, ಹೆಸರಿಗಷ್ಟೇ ನಮ್ಮವರು ಮನ್ಮಥಪ್ಪ." ಅಲ್ಲಿ ಯಾರಿಗೆ ಕನ್ನಡ ತಿಳೀತದ ಅಂದಕೊಂಡೆ! ಶರ್ವಾಣಿ ಕನ್ನಡದವರ ಮಗಳಾದ್ರೂ ಓಝರದಾಗೇ ಬೆಳದಾಕಿ, ಕನ್ನಡದಾಗ ಎರಡು ಮಾತು ನೆಟ್ಟಗ ಆಡಲಿಕ್ಕ ಬರಲ್ಲ. ಆದ್ರ ತಿಳೀತದಲ್ರೀ! ಒಂದೊಂದು ಅಕ್ಷರ ತಿಳೀತದ. ಮರಾಠ್ಯಾಗ ಬಿಡಿಸಿ ಹೇಳಿದ್ಲು. ಎಲ್ಲಾರೂ ಬಿದ್ದು ಬಿದ್ದು ನಕ್ಕರು... ನಾನೂ ನಕ್ಕೆ. ನಿಮ್ಮ ಬೀದರ ಕಡೆ ಅದು ಶರಣರ ಹೆಸರು, ಮಠಕ್ಕ ಹೋಗಿ ಹರಕಿ ಹೊತ್ತು ಇಟ್ಟ ಹೆಸರು. ಅದನ್ನ ಹಂಗ ಮಾಡಿದೆ.

ಯಾಕ ಅಂದೆ ಅಂತೀರಾ? ಆ ಹೆಂಗಸರು ಎಳ್ಳುಬೆಲ್ಲ ಕೈಯಾಗ ಹಿಡದು ನನ್ನ ಹೊಟ್ಟಿನೇ ನೋಡಲತ್ತಿದ್ರು! ಮದುವಿಯಾಗಿ ಇಷ್ಟು ದಿನ ಆಯ್ತು, ಇನ್ನಾ ಏನಿಲ್ಲೇನು, ಇನ್ನಾ ಏನಿಲ್ಲೇನು... ತಪ್ಪು ನಿಮ್ಮದು ಅಂತ ಗೊತ್ತಾದ್ರ ನನ್ನ ಕಡೆ ಯಾರೂ ನೋಡಲ್ಲ ಅಂತ ಅಂದೆ. ತಪ್ಪು ನಿಮ್ಮದೇ ಅಲ್ಲೇನು ಮತ್ತ?

...ಅಲ್ಲೇನು?

ಮಾತಾಡ್ರಿ. ಒಳಗ ಏನು ಹೇಳಿ ಬಂದೀರಿ? ಒಡಪಿಂದು ಹೇಳೀರೇನು? ... ಇಲ್ಲ? ಮತ್ತ... ಮೊದಲನೇ ದಿನದ್ದು? ... ಬರೇ ತಲಿ ಅಲ್ಲಾಡಿಸಬ್ಯಾಡ್ರಿ! ಅದನ್ನೂ ಹೇಳಿಲ್ಲ? "ಶುರುನಿಂದ ತ್ರಾಸು ನಂದೇ" ಅಂತ ಹೇಳಿ ಬಂದೀರಿ?

ಖೊಟ್ಟಿ ಹೇಳೀರಲ್ರೀ ಡಾಕ್ಟರಿಗೆ... ಆ ದಿನ ನಿಮಗೇನಾಗಿತ್ತು? ಏನೂ ಆಗಿದ್ದಿಲ್ಲ. ನಾ ಹಲ್ಲು ಕಚ್ಚಿ ಮಲಗಿದ್ದೆ. ಮೈ ಅನ್ನೂದು ಕಟಗಿ ಆಗಿತ್ತು, ಎರಡೂ ಕಾಲು ಬಿಗಿದು... ನೀವು ಮುಟ್ಟಿದ್ರ ಸಾಕು, ನೋವು. ಅಳಲಿಕ್ಕ ಶುರು ಮಾಡಿದೆ. ನೀವು ಹಿಂದ ಸರದ್ರಿ, ನೀರು ತಂದು ಕೊಟ್ರಿ. ಎರಡನೇ ದಿನಾನೂ ಹಂಗೇ. ಆಮ್ಯಾಲ ನೀವೇ ಅಂಜಲಿಕ್ಕ ಹತ್ತಿದ್ರಿ, ಇಕಿಗೆ ಮತ್ತ ನೋವಾಗ್ತದ ಅಂತ... ಅಂಜಿ ಅಂಜಿ ನಿಮಗೂ ಆಗಲಾರದ ಹಂಗಾಯ್ತು. ಆವಾಗ ನನಗೇನನಿಸ್ತು ಗೊತ್ತದೇನು? ಜೀವ ಹಗುರಾಯ್ತು. ನೀವು ತಲಿ ತಗ್ಗಿಸಿ ಆ ಕಡೆ ಹೊಳ್ಳಿ ಮಲಗಿದಾಗೊಮ್ಮೆ, ಪಾರಾದೆ ಅನ್ನಿಸ್ತಿತ್ತು. ಪಾರಾಗಿ ಮ್ಯಾಲ ನಿಮಗೇ ಬೈತಿದ್ದೆ.

"ಮೊದಲು ತ್ರಾಸು ನಿಂದಿತ್ತು" ಅಂತ ಒಂದು ಸಲ ಅನ್ನಬೇಕಿತ್ತಲ್ರೀ! ನಿಮ್ಮವ್ವಗ ಬ್ಯಾಡ, ಶಾಪಿನ ಹುಡುಗರಿಗೆ ಬ್ಯಾಡ, ನನಗರೆ... ಒಂದು ಸಲ! ನೀವು ಸುಮ್ಮ ಇದ್ದದ್ದಕ್ಕ ನಾ ಇಷ್ಟು ಕೆಟ್ಟಾಕಿ ಆದೆ.

ಈಗ ಒಳಗ ಹೋಗಿ ಏನಂತ ಹೇಳ್ಲಿರಿ? ಗಂಡಸಿಗೆ ಹಿಂಗಾದ್ರ ಹೀಯಾಳಸಲಿಕ್ಕ ನೂರು ಮಾತವ. ಹೆಂಗಸಿಗಾದ್ರ ಅದಕ್ಕೇನಂತಾರ? ನನಗ ಮರಾಠ್ಯಾಗೂ ಗೊತ್ತಿಲ್ಲ, ಕನ್ನಡದಾಗೂ ಗೊತ್ತಿಲ್ಲ... ನಿಮಗ ಗೊತ್ತದೇನು?

...

ಏಳಬ್ಯಾಡ್ರಿ. ನಾ ಒಬ್ಬಾಕಿನೇ ಹೋಗ್ತೀನಿ. ಇಲ್ಲ, ಬರಬ್ಯಾಡ್ರಿ ಅಂದೆ... ನೀವು ಎದುರಿಗೆ ಕೂತ್ರ ತಪ್ಪೆಲ್ಲಾ ಮತ್ತ ನಿಮ್ಮ ಮ್ಯಾಲೇ ಹಾಕಿ ಬಿಡ್ತೀನಿ.