ತೊಂಬತ್ತು ಹೆಜ್ಜೆಯ ಬಾವಿ

೨೦೨೫ರ ಮೇ ೧೬, ಶುಕ್ರವಾರ, ಬೆಳಿಗ್ಗೆ ೯ ಗಂಟೆ ೧೨ ನಿಮಿಷ. ಜರ್ಮನಿಯ ಯೇನಾ ನಿಲ್ದಾಣದಲ್ಲಿ ರೈಲಿಗೆ ಕಾಯುತ್ತಿದ್ದ ಗಿರಿಧರನ ಕಿವಿ ನೆಟ್ಟಗಾಯಿತು. ಪಕ್ಕದ ಬೆಂಚಿನಲ್ಲಿ ತಾಯಿ ಮಗಳು ಧಾರವಾಡದ ಕನ್ನಡದಲ್ಲಿ ಮಾತಾಡುತ್ತಿದ್ದರು. ಮಗಳ ಕೈಯಲ್ಲಿ ಮೊಬೈಲಿತ್ತು.

“ಅವ್ವಾ, ಇಂಗ್ಲೆಂಡಿನ ಆ ಹಳ್ಳಿಯಿಂದ ಮೇಲ್ ಬಂತು. ಹಳೇ ಬಾವಿ ಸಿಕ್ತಂತ!”

“ನಾ ಹೇಳಿದ ಜಾಗಾದಾಗೇನು?”

“ಅಲ್ಲೇ! ಈ ವಾರ ಸಿಗದಿದ್ರ ನನ್ನ ಪ್ರಾಜೆಕ್ಟ್ ಮುಚ್ತಿದ್ರು.”

“ಎರಡು ವರ್ಷ ಎಲ್ಲಿ ಅಗದ್ರಿ ಮತ್ತ?”

“ಬಾವಿಯಿಂದ ಚರ್ಚಿನ ಬಾಗಿಲಿಗೆ ತೊಂಬತ್ತು ಹೆಜ್ಜಿ ಅಂತ ಹಳೇ ಪುಸ್ತಕದಾಗ ಇತ್ತು. ನಮ್ಮ ಪ್ರೊಫೆಸರು ತಾವೇ ನಡದು ಅಳದಿದ್ರು. ಅವರ ಹೆಜ್ಜಿ ಮುಗಿದಲ್ಲೇ ಅಗದ್ವಿ.”

“ಅದು ಕೈ ಬೀಸ್ಕೊಂಡು ಹೋಗೋ ಗಂಡಸರ ಹೆಜ್ಜಿ! ನೀರು ಹೊತ್ತವರ ಹೆಜ್ಜಿ ಸಣ್ಣದಿರತೈತಿ.”

“ಅದಕ್ಕ ನೀ ಇಲ್ಲಿ ಪಾರ್ಕಿನ್ಯಾಗ ತುಂಬಿದ ಬಕೆಟ್ ಹಿಡಕೊಂಡು ತೊಂಬತ್ತು ಹೆಜ್ಜಿ ನಡದಿ. ನಾ ಟೇಪ್ ಹಿಡದು ಹಿಂದ ಬಂದೆ.”

“ಜರ್ಮನ್ ಮಂದಿ ನಿಂತು ನಕ್ಕಿದ್ರು. ಈಗ ನಗಲಿ!”

“ರಿಪೋರ್ಟಿನ್ಯಾಗ ನಿನ್ನ ಹೆಸರೂ ಹಾಕ್ತೀನವ್ವಾ.”

“ಗಂಗವ್ವ ಅಂತ ದಪ್ಪಗ ಬರಿ. ನಿಮ್ಮ ಪ್ರೊಫೆಸರಿಗಿಂತ ಮ್ಯಾಲಿರಲಿ.”

ಅವರ ರೈಲು ಬಂತು. ತಾಯಿ ಸೆರಗು ಸಿಕ್ಕಿಸಿಕೊಂಡು ಮೊದಲು ಹತ್ತಿದಳು. ಬಾಗಿಲು ಮುಚ್ಚುವ ಮುನ್ನ ಗಿರಿಧರನಿಗೆ ಇಷ್ಟು ಕೇಳಿಸಿತು.

“ಪಾರ್ಕಿನ್ಯಾಗ ನಲವತ್ತೊಂದು ಮೀಟರ್ ಬಂದಿತ್ತಲ್ಲ. ಅಲ್ಲಿ ಎಷ್ಟೈತಿ?”

“ನಲವತ್ತೊಂದು ಮೀಟರ್, ಇಪ್ಪತ್ತು ಸೆಂಟಿಮೀಟರ್.”